ಫೆಲೋ ಹೋದ್ಮೇಲೂ ಗುಂಪು ಉಳೀಬೇಕು: ಎಲ್‌ಜಿಬಿಟಿಕ್ಯೂ ಸಂಘಟನೆಯ ಫೆಲೋಶಿಪ್ ನಡೆಸೋದು ಹೇಗೆ

ನಾನು ನೋಡ್ಕೊಂಡ ಮೊದಲನೇ ಬ್ಯಾಚಲ್ಲಿ ಒಬ್ಬ ಫೆಲೋ (ಅಂದ್ರೆ ಗೊತ್ತಾದ ಅವಧಿಗೆ ಸ್ಟೈಪೆಂಡ್ ತಗೊಂಡು, ಕಲೀತಾ ಜನರನ್ನ ಸಂಘಟಿಸೋರು) ಇದ್ರು, ಮಾತಲ್ಲಿ, ಓಡಾಟದಲ್ಲಿ, ಜನರನ್ನ ಸೇರಿಸೋದ್ರಲ್ಲಿ ಎತ್ತಿದ ಕೈ. ಒಂಬತ್ತು ತಿಂಗಳಲ್ಲಿ ವಾರಾವಾರ ಮೂವತ್ತು ನಲವತ್ತು ಜನ ಬರೋ ಮೀಟಿಂಗ್ ಕಟ್ಟಿದ್ರು, ನಾವೆಲ್ಲ ಆ ಸಂಖ್ಯೆ ನೋಡಿ ಖುಷಿಪಟ್ವಿ. ಫೆಲೋಶಿಪ್ ಮುಗೀತು, ಅವರಿಗೆ ಬೇರೆ ಕಡೆ ಕೆಲಸ ಸಿಕ್ತು, ಹೋದ್ರು. ಎರಡು ತಿಂಗಳಾದ್ಮೇಲೆ ನಾನು ಹೋಗಿ ನೋಡಿದ್ರೆ ಮೀಟಿಂಗ್ ನಡೀತಿದ್ದ ರೂಮಿಗೆ ಬೀಗ. ಬೀಗದ ಕೈ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ, ನಂಬರ್‌ಗಳೆಲ್ಲ ಅವರ ಫೋನಲ್ಲಿದ್ವು, ಯಾರಿಗೆ ಮನೇಲಿ ಏನು ಕಷ್ಟ, ಯಾರನ್ನ ಯಾವ ಹೊತ್ತಲ್ಲಿ ಕರೀಬಾರದು ಅನ್ನೋದೆಲ್ಲ ಅವರ ತಲೇಲಿತ್ತು. ತಪ್ಪು ಅವರದ್ದಲ್ಲ, ನಾವು ಪ್ರೋಗ್ರಾಂ ಕಟ್ಟಿದ ರೀತಿದು. ನಾವು ಒಬ್ಬ ಒಳ್ಳೇ ಆಕ್ಟಿವಿಸ್ಟನ್ನ ತಯಾರು ಮಾಡಿದ್ವಿ, ಗುಂಪನ್ನ ತಯಾರು ಮಾಡಿರಲಿಲ್ಲ.

ಅದಕ್ಕೆ ಈಗ ಯಾರಾದ್ರೂ ಎಲ್‌ಜಿಬಿಟಿಕ್ಯೂ ಹಕ್ಕುಗಳ ಕೆಲಸಕ್ಕೆ ಫೆಲೋಶಿಪ್ ಶುರು ಮಾಡ್ತೀವಿ ಅಂದ್ರೆ ನಾನು ಮೊದಲು ಕೇಳೋದು ಒಂದೇ, ಫೆಲೋ ಹೋದ್ಮೇಲೆ ಅಲ್ಲಿ ಏನು ಉಳಿಯತ್ತೆ? ಇದಕ್ಕೆ ಉತ್ತರ ಬರೆದಿಟ್ಕೊಂಡು ಅಲ್ಲಿಂದ ಹಿಂದಕ್ಕೆ ಪ್ಲಾನ್ ಮಾಡ್ಕೊಂಡು ಬನ್ನಿ. ಕೆಳಗೆ ಬರೆದಿರೋದೆಲ್ಲ ಆ ಒಂದು ಪ್ರಶ್ನೆ ಇಟ್ಕೊಂಡೇ ಬರೆದಿರೋದು.

ಶುರು ಮಾಡೋಕ್ ಮುಂಚೆ ಕೇಳಿಸ್ಕೊಳ್ಳಿ

ಫೆಲೋಶಿಪ್ ಅನೌನ್ಸ್ ಮಾಡೋಕೆ ಎರಡು ಮೂರು ತಿಂಗಳ ಮುಂಚೇನೇ ಕಮ್ಯುನಿಟಿಯ ಮೂವತ್ತು ನಲವತ್ತು ಜನರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿ. ಸರ್ವೇ ಫಾರ್ಮ್ ಕಳಿಸಿದ್ರೆ ಆಗಲ್ಲ, ಕೂತೇ ಮಾತಾಡ್ಬೇಕು. ಯಾಕಂದ್ರೆ ಎಲ್‌ಜಿಬಿಟಿಕ್ಯೂ ಅಂತ ನಾವು ಒಂದೇ ಉಸಿರಲ್ಲಿ ಹೇಳ್ತೀವಿ, ಒಳಗೆ ಹೋದ್ರೆ ಒಬ್ಬೊಬ್ಬರದು ಒಂದೊಂದು ಗೋಳು. ಟ್ರಾನ್ಸ್ ವ್ಯಕ್ತಿಗೆ ದಾಖಲೆಗಳಲ್ಲಿ ಹೆಸರು ಬದಲಾಗದೇ ಇರೋದು, ಬಾಡಿಗೆ ಮನೆ ಸಿಗದೇ ಇರೋದು ದಿನಾ ಇರೋ ಸಮಸ್ಯೆ. ಲೆಸ್ಬಿಯನ್ ಹುಡುಗಿಗೆ ಮನೆಯವರು ಹೊರಗೇ ಬಿಡ್ತಿಲ್ಲ, ಫೋನ್ ಕಿತ್ಕೊಂಡಿದ್ದಾರೆ, ಬಲವಂತದ ಮದುವೆ ತಲೆ ಮೇಲೆ ತೂಗ್ತಿದೆ. ಇಂಟರ್‌ಸೆಕ್ಸ್ ಮಕ್ಕಳ, ಅಂದ್ರೆ ಹುಟ್ಟುವಾಗಲೇ ದೇಹ ಗಂಡು ಅಥವಾ ಹೆಣ್ಣು ಅನ್ನೋ ಮಾಮೂಲಿ ಚೌಕಟ್ಟಿಗೆ ಸೇರದ ಮಕ್ಕಳ ವಿಷಯದಲ್ಲಿ ಒಪ್ಪಿಗೆ ಕೇಳದೆ ಮಾಡೋ ಆಪರೇಷನ್ನೇ ದೊಡ್ಡ ಪ್ರಶ್ನೆ. ಒಂದಕ್ಕಿಂತ ಹೆಚ್ಚು ಲಿಂಗದವರ ಕಡೆ ಆಕರ್ಷಣೆ ಇರೋ ಬೈಸೆಕ್ಷುಯಲ್ ಜನರನ್ನ ಗೇ, ಲೆಸ್ಬಿಯನ್ ಜನರೂ ನಂಬಲ್ಲ, ಹೊರಗಿನವರೂ ನಂಬಲ್ಲ. ಇಷ್ಟೆಲ್ಲಾನೂ ಒಬ್ಬ ಫೆಲೋ ಹೆಗಲ ಮೇಲೆ ಹಾಕೋಕಾಗತ್ತಾ? ಹಾಗಾಗಿ ಈ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರೋ ಎರಡೋ ಮೂರೋ ವಿಷಯ ಹಿಡ್ಕೊಳ್ಳಿ, ಉಳಿದಿದ್ದನ್ನ ಈ ಸಲ ಮಾಡಲ್ಲ ಅಂತ ಬಾಯ್ಬಿಟ್ಟು ಹೇಳಿ.

ಇನ್ನೊಂದು ಇಲ್ಲೇ ಇತ್ಯರ್ಥ ಮಾಡ್ಕೊಳ್ಳಿ, ನೀವು ಮಾಡ್ತಿರೋದು ಸೇವೆಯಾ, ಅಡ್ವೊಕಸಿಯಾ, ಸಂಘಟನೆಯಾ. ಕಷ್ಟದಲ್ಲಿರೋರಿಗೆ ಮನೆ, ಡಾಕ್ಟರು, ವಕೀಲರು ಸಿಗೋ ಹಾಗೆ ಮಾಡೋದು ಸೇವೆ. ಅಧಿಕಾರದಲ್ಲಿರೋರ ಮುಂದೆ ಜನರ ಪರವಾಗಿ ಮಾತಾಡೋದು ಅಡ್ವೊಕಸಿ. ಜನ ತಾವೇ ಒಟ್ಟಾಗಿ, ತಾವೇ ನಿರ್ಧಾರ ಮಾಡಿ, ತಾವೇ ಹೋಗಿ ಕೇಳೋ ಹಾಗೆ ಮಾಡೋದು ಸಂಘಟನೆ. ಮೂರೂ ಬೇಕು, ಆದ್ರೆ ಫೆಲೋ ಕೈಗೆ ಕೊಟ್ಟ ಪೇಪರಲ್ಲಿ ಸಂಘಟನೆ ಅಂತ ಬರೆದು ದಿನವಿಡೀ ಆಸ್ಪತ್ರೆ, ಪೊಲೀಸ್ ಸ್ಟೇಷನ್ ಅಂತ ಓಡಾಡಿಸಿದ್ರೆ ಆರು ತಿಂಗಳಲ್ಲಿ ಅವರು ಸೋತು ಹೋಗ್ತಾರೆ. ಭಾರತದಲ್ಲಿ ಟ್ರಾನ್ಸ್ ಜನರ ಗುರುತನ್ನ ಒಪ್ಪಿದ 2014ರ ನಾಲ್ಸಾ ತೀರ್ಪು, ವಯಸ್ಕರು ಒಪ್ಪಿ ನಡೆಸೋ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದ 2018ರ ಸೆಪ್ಟೆಂಬರ್ 6ರ 377ನೇ ಸೆಕ್ಷನ್ ತೀರ್ಪು ಎರಡೂ ಸುಪ್ರೀಂ ಕೋರ್ಟಿಂದ ಬಂದ್ಮೇಲೂ ಮನೆ ಓನರ್ ಮನಸ್ಸು, ಆಫೀಸಿನ ಕ್ಲರ್ಕ್ ಮನಸ್ಸು ತಾನಾಗಿ ಬದಲಾಗಲಿಲ್ಲ. ಕೋರ್ಟಲ್ಲಿ ಗೆದ್ದಿದ್ದನ್ನ ಬೀದಿಗೆ ಇಳಿಸೋ ಕೆಲಸವೇ ಸಂಘಟಕರದ್ದು.

ಅವಧಿ ಒಂಬತ್ತು ತಿಂಗಳಿಗಿಂತ ಕಮ್ಮಿ ಇಡಬೇಡಿ, ಹನ್ನೆರಡಾದ್ರೆ ವಾಸಿ. ಮೊದಲ ಮೂರು ತಿಂಗಳು ನಂಬಿಕೆ ಗಳಿಸೋದ್ರಲ್ಲೇ ಹೋಗತ್ತೆ, ಅದು ಹಾಳಾದ ಟೈಮಲ್ಲ. ಒಬ್ಬ ಫುಲ್ ಟೈಮ್ ಸೂಪರ್‌ವೈಸರ್‌ಗೆ ಆರು ಫೆಲೋ, ಬಹಳ ಅಂದ್ರೆ ಎಂಟು. ಅದಕ್ಕಿಂತ ಜಾಸ್ತಿ ಆದ್ರೆ ನೀವು ಬರೀ ರಿಪೋರ್ಟ್ ಕಲೆಕ್ಟ್ ಮಾಡೋರಾಗ್ತೀರ.

ದುಡ್ಡಿನ ವಿಷಯ

ಬಜೆಟ್ ಮಾಡೋವಾಗ ಸ್ಟೈಪೆಂಡ್ ಮೊದಲನೇ ಸಾಲಲ್ಲಿ ಇರಲಿ. ಆ ಜಾಗದಲ್ಲಿ ಒಬ್ಬರು ಒಂದು ರೂಮ್ ಮಾಡ್ಕೊಂಡು ಬದುಕೋಕೆ ಎಷ್ಟು ಬೇಕೋ ಅಷ್ಟು ಕೊಡಿ, ಕೊಡೋಕಾಗಲ್ಲ ಅಂದ್ರೆ ಫೆಲೋಗಳ ಸಂಖ್ಯೆ ಕಮ್ಮಿ ಮಾಡಿ. ಸ್ಟೈಪೆಂಡ್ ಕಮ್ಮಿ ಇಟ್ರೆ ಅಪ್ಪ ಅಮ್ಮ ಸಪೋರ್ಟ್ ಮಾಡೋ, ಇಂಗ್ಲಿಷ್ ಬರೋ, ಮೇಲ್ಜಾತಿಯ ಹುಡುಗರು ಮಾತ್ರ ಬರ್ತಾರೆ, ಮನೆ ಬಿಟ್ಟು ಬಂದ ಟ್ರಾನ್ಸ್ ಹುಡುಗಿ ಬರೋಕಾಗಲ್ಲ, ಆಮೇಲೆ ನಾವು ವೈವಿಧ್ಯ ಇಲ್ಲ ಅಂತ ತಲೆ ಕೆಡಿಸ್ಕೋತೀವಿ. ಸ್ಟೈಪೆಂಡ್ ಲೇಟಾಗಿ, ಟೀ ಶರ್ಟು ಬ್ಯಾನರು ಮಾತ್ರ ಟೈಮಿಗೆ ಸರಿಯಾಗಿ ಬಂದ್ರೆ ಅದು ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂದಂಗೆ. ಓಡಾಟದ ಖರ್ಚು ಮುಂಗಡ ಕೊಡಿ, ಬಿಲ್ ತಂದ್ಮೇಲೆ ಕೊಡ್ತೀವಿ ಅನ್ಬೇಡಿ, ಕೈಯಲ್ಲಿ ಕಾಸಿಲ್ಲದೋರು ಬಿಲ್ ತರೋಕೆ ಮೊದಲು ಖರ್ಚು ಮಾಡೋದು ಎಲ್ಲಿಂದ? ಜೊತೆಗೆ ಒಂದು ತುರ್ತು ನಿಧಿ ಇಡಿ, ಒಬ್ಬರು ರಾತ್ರೋರಾತ್ರಿ ಮನೆ ಬಿಡ್ಬೇಕಾದ್ರೆ ಯಾರ ಸಹಿಗೂ ಕಾಯದೆ ಅದೇ ದಿನ ಖರ್ಚು ಮಾಡೋ ಹಾಗಿರ್ಬೇಕು.

ಬ್ಯಾಂಕಿನ ವಿಷಯ ಸಣ್ಣದು ಅನ್ಸತ್ತೆ, ಅಲ್ಲ. ನಮ್ಮ ಒಬ್ಬ ಟ್ರಾನ್ಸ್ ಫೆಲೋಗೆ ಮೊದಲ ತಿಂಗಳ ಸ್ಟೈಪೆಂಡ್ ಹೋದಾಗ ಟ್ರಾನ್ಸ್‌ಫರ್ ವಿವರದಲ್ಲಿ ನಾವು ಫೆಲೋಶಿಪ್ಪಿನ ಪೂರ್ತಿ ಹೆಸರು ಹಾಕಿದ್ವಿ. ಅವರ ಅಕೌಂಟ್ ಹಳೇ ಹೆಸರಲ್ಲಿತ್ತು, ಅಕೌಂಟಿಗೆ ಕೊಟ್ಟಿದ್ದ ಫೋನ್ ನಂಬರ್ ಅಣ್ಣಂದು. ಮೆಸೇಜ್ ಅಣ್ಣನ ಫೋನಿಗೆ ಹೋಯ್ತು. ಒಂದೇ ಒಂದು ಸಾಲಿನ ಮೆಸೇಜ್. ಆ ರಾತ್ರಿ ಮನೇಲಿ ಏನಾಯ್ತು ಅಂತ ಅವರು ನಮಗೆ ಹೇಳಿದ್ದು ಹತ್ತು ದಿನ ಆದ್ಮೇಲೆ, ಅದೂ ಸ್ಟೈಪೆಂಡ್ ಬೇಡ ಅಂತ ಹೇಳೋಕೆ ಬಂದಾಗ. ಆವತ್ತಿಂದ ಯಾರಿಗೇ ದುಡ್ಡು ಕಳಿಸೋ ಮುಂಚೆ ಮೂರು ಪ್ರಶ್ನೆ ಕೇಳ್ತೀವಿ: ಅಕೌಂಟ್ ಯಾವ ಹೆಸರಲ್ಲಿದೆ, ಮೆಸೇಜ್ ಯಾರ ಫೋನಿಗೆ ಹೋಗತ್ತೆ, ವಿವರದಲ್ಲಿ ಏನು ಬರೀಬೇಕು.

ಆಯ್ಕೆ ಮಾಡೋದು

ಅರ್ಜಿ ಚಿಕ್ಕದಾಗಿರಲಿ. ಬರೆದೂ ಕಳಿಸ್ಬಹುದು, ವಾಯ್ಸ್ ಮೆಸೇಜಲ್ಲೂ ಹೇಳ್ಬಹುದು ಅಂತಿರಲಿ. ಡಿಗ್ರಿ ಕೇಳ್ಬೇಡಿ, ಫೋಟೋ ಕೇಳ್ಬೇಡಿ, ಸೋಷಿಯಲ್ ಮೀಡಿಯಾ ಲಿಂಕ್ ಅಂತೂ ಬೇಡವೇ ಬೇಡ, ಫಾಲೋವರ್ ಇರೋದಕ್ಕೂ ಜನ ಕಟ್ಟೋದಕ್ಕೂ ಸಂಬಂಧ ಇಲ್ಲ. ನನಗೆ ಕೆಲಸಕ್ಕೆ ಬಂದಿರೋ ಪ್ರಶ್ನೆ ಇದು: ನೀವು ಯಾವಾಗಾದ್ರೂ ಇನ್ನು ಮೂರು ಜನರನ್ನ ಸೇರಿಸ್ಕೊಂಡು ಏನಾದ್ರೂ ಕೆಲಸ ಮಾಡಿದ್ದೀರಾ, ಏನು ಮಾಡಿದ್ರಿ, ಎಲ್ಲಿ ಎಡವಿದ್ರಿ? ಹಾಸ್ಟೆಲ್‌ನಲ್ಲಿ ನೀರಿಗೋಸ್ಕರ ವಾರ್ಡನ್ ಹತ್ರ ಹೋಗಿದ್ದು, ಸ್ನೇಹಿತೆಯನ್ನ ಮನೆಯಿಂದ ಬಿಡಿಸ್ಕೊಂಡು ಬಂದಿದ್ದು, ಇದೆಲ್ಲ ಸಂಘಟನೆಯೇ, ಅರ್ಜಿ ಹಾಕೋರಿಗೆ ಅದು ಗೊತ್ತಿರಲ್ಲ ಅಷ್ಟೆ.

ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕಮ್ಯುನಿಟಿಯವರೇ ಇರಲಿ, ಬರೋ ಖರ್ಚು ನೀವೇ ಕೊಡಿ. ನೋವಿನ ಕಥೆ ಕೇಳ್ಬೇಡಿ. ನಿಮಗೆ ಮನೇಲಿ ಹೊಡೆದಿದ್ರಾ, ಯಾವಾಗ ಗೊತ್ತಾಯ್ತು, ಆಪರೇಷನ್ ಆಗಿದ್ಯಾ ಅನ್ನೋ ಪ್ರಶ್ನೆಗಳು ಆ ಕೋಣೆಯೊಳಗೇ ಬರ್ಬಾರದು, ಕೆಲಸಕ್ಕೋಸ್ಕರ ಯಾರೂ ತಮ್ಮ ಗಾಯ ಬಿಚ್ಚಿ ತೋರಿಸೋ ಹಾಗಾಗ್ಬಾರದು. ಆಯ್ಕೆ ಆಗದೇ ಇರೋರಿಗೆ ಫೋನ್ ಮಾಡಿ ಹೇಳಿ. ಅವರೂ ನಾಳೆ ನಿಮ್ಮ ಮೀಟಿಂಗಿಗೆ ಬರ್ಬೇಕಾದೋರೇ.

ಫೆಲೋ ಎಲ್ಲರಿಗೂ ಔಟ್ ಆಗಿರ್ಬೇಕಾ, ಅಂದ್ರೆ ತಾವು ಎಲ್‌ಜಿಬಿಟಿಕ್ಯೂ ಅಂತ ಎಲ್ಲರಿಗೂ ಹೇಳ್ಕೊಂಡಿರ್ಬೇಕಾ ಅಂತ ಪ್ರತಿ ಸಲ ಚರ್ಚೆ ಆಗತ್ತೆ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೇ ಮತ್ತು ಲೆಸ್ಬಿಯನ್ ಟೀಚರ್‌ಗಳನ್ನ ಕೆಲಸದಿಂದ ತೆಗೆಯೋ ಬ್ರಿಗ್ಸ್ ಪ್ರಸ್ತಾವ ಬಂದಾಗ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚುನಾವಣೆ ಗೆದ್ದಿದ್ದ ಗೇ ನಾಯಕ ಹಾರ್ವೆ ಮಿಲ್ಕ್, ಎಲ್ಲರೂ ಮನೆಯವರಿಗೆ, ಸ್ನೇಹಿತರಿಗೆ, ಜೊತೆ ಕೆಲಸ ಮಾಡೋರಿಗೆ ತಾವು ಯಾರು ಅಂತ ಹೇಳಿ ಅಂತ ಕೇಳ್ಕೊಂಡ್ರು, ಆ ಪ್ರಸ್ತಾವ ಮತದಾನದಲ್ಲಿ ಸೋತೂ ಹೋಯ್ತು. ಗೊತ್ತಿರೋ ಮುಖ ಒಂದು ಕಣ್ಣ ಮುಂದೆ ಬಂದ್ರೆ ಮತ ಬದಲಾಗತ್ತೆ ಅನ್ನೋದು ನಿಜ. ಆದ್ರೆ ಅದನ್ನ ಯಾರ ಮೇಲೂ ಷರತ್ತಾಗಿ ಹೇರೋಕಾಗಲ್ಲ. ಔಟ್ ಆಗೋದು ಯಾವಾಗ, ಯಾರ ಹತ್ರ ಅನ್ನೋದು ಆ ವ್ಯಕ್ತಿಯ ನಿರ್ಧಾರ, ಔಟ್ ಆಗದೇನೂ ಮಾಡೋ ಕೆಲಸ ಬೇಕಾದಷ್ಟಿದೆ.

ಮೊದಲ ದಿನಕ್ಕೆ ಮುಂಚೆ ಸುರಕ್ಷತೆ

ಒಂದು ಹಾಳೆ ಮಾಡ್ಕೊಳ್ಳಿ. ಅದರಲ್ಲಿ ಹೆಸರಿಗೆ ಒಂದೇ ಕಾಲಂ ಬೇಡ, ಮೂರು ಇರಲಿ. ಮೊದಲನೇದು ನಮ್ಮೊಳಗೆ ಕರೆಯೋ ಹೆಸರು, ಎರಡನೇದು ದಾಖಲೆಯಲ್ಲಿರೋ ಹೆಸರು, ಮೂರನೇದು ಮನೆಗೆ ಫೋನ್ ಮಾಡಿದ್ರೆ ಏನಂತ ಕೇಳ್ಬೇಕು ಅನ್ನೋ ಹೆಸರು. ಪಕ್ಕದಲ್ಲಿ ಯಾವ ಹೊತ್ತಲ್ಲಿ ಫೋನ್ ಮಾಡ್ಬಹುದು, ನಾವು ಯಾರು ಅಂತ ಹೇಳ್ಕೋಬೇಕು, ತುರ್ತಾದ್ರೆ ಯಾರಿಗೆ ತಿಳಿಸ್ಬೇಕು, ಯಾರಿಗೆ ತಿಳಿಸ್ಲೇಬಾರದು. ಹುಟ್ಟಿದ ಮನೆಯವರೇ ತುರ್ತು ಸಂಪರ್ಕ ಅಂತ ಅಂದ್ಕೊಂಡು ಬಿಡೋದು ನಮ್ಮ ಕೆಲಸದಲ್ಲಿ ಬಹಳ ಅಪಾಯ. ಎರಡನೇ ಕಾಲಂ ಅಕೌಂಟ್ಸ್ ನೋಡೋ ಒಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಕಾಣ್ಬಾರದು, ಆ ಫೈಲಿಗೆ ಪಾಸ್‌ವರ್ಡ್ ಇರಲಿ.

ಗ್ರೂಪ್ ಚಾಟ್‌ಗೆ ಗೊತ್ತಾಗೋ ಹೆಸರಿಡ್ಬೇಡಿ, ಲಾಕ್ ಸ್ಕ್ರೀನ್ ಮೇಲೆ ನೋಟಿಫಿಕೇಷನ್ ಬಂದ್ರೆ ಪಕ್ಕದಲ್ಲಿ ಕೂತೋರು ಓದ್ತಾರೆ. ಮೆಸೇಜ್ ತಾನಾಗೇ ಅಳಿಸಿ ಹೋಗೋ ಸೆಟ್ಟಿಂಗ್ ಹಾಕಿ. ಫೋಟೋಗೆ ಒಪ್ಪಿಗೆ ಅಂದ್ರೆ ವರ್ಷದ ಶುರುವಲ್ಲಿ ಒಂದು ಸಹಿ ಹಾಕಿಸ್ಕೊಳ್ಳೋದಲ್ಲ, ಪ್ರತಿ ಸಲ ಕೇಳ್ಬೇಕು, ತೆಗೆಯೋಕೆ ಒಂದು ಸಲ, ಹಾಕೋಕೆ ಇನ್ನೊಂದು ಸಲ. ಮೀಟಿಂಗಲ್ಲಿ ಒಂದು ಕಡೆಯ ಕುರ್ಚಿಗಳು ಕ್ಯಾಮೆರಾ ಬರದ ಜಾಗ ಅಂತ ಇಟ್ರೆ ಜನ ತಾವೇ ಆರಿಸ್ಕೊಂಡು ಕೂತ್ಕೋತಾರೆ, ಯಾರೂ ಕೈ ಎತ್ತಿ ನನ್ನದು ಬೇಡ ಅಂತ ಹೇಳೋ ಮುಜುಗರ ಇರಲ್ಲ.

ಫೀಲ್ಡಿಗೆ ಹೋಗೋವಾಗ ಇಬ್ಬಿಬ್ಬರು. ಹೋದ್ಮೇಲೆ ಒಂದು ಮೆಸೇಜ್, ವಾಪಸ್ ಬಂದ್ಮೇಲೆ ಒಂದು ಮೆಸೇಜ್, ಹೇಳಿದ ಟೈಮಿಗೆ ಬರದಿದ್ರೆ ಅರ್ಧ ಗಂಟೇಲಿ ಸೂಪರ್‌ವೈಸರ್ ಫೋನ್ ಮಾಡ್ಬೇಕು. ಫೋನಲ್ಲಿ ಮುಕ್ತವಾಗಿ ಮಾತಾಡೋಕಾಗದಿದ್ರೆ ಹೇಳೋಕೆ ಒಂದು ಮಾಮೂಲಿ ವಾಕ್ಯ ಮೊದಲೇ ಗೊತ್ತು ಮಾಡ್ಕೊಳ್ಳಿ. ಅದನ್ನ ಕೇಳಿದ ತಕ್ಷಣ ಏನು ಮಾಡ್ಬೇಕು ಅನ್ನೋದೂ ಬರೆದಿರಲಿ, ಒಂದು ಸಲ ಸುಮ್ನೆ ಮಾಡಿ ನೋಡಿ.

ತರಬೇತಿ: ಪಿಪಿಟಿ ಕಮ್ಮಿ, ಮಾತಾಡ್ಸೋದು ಜಾಸ್ತಿ

ಮೊದಲ ವಾರ ಪೂರ್ತಿ ಹಕ್ಕುಗಳ ಇತಿಹಾಸ, ಕಾನೂನು, ಪದಗಳ ಅರ್ಥ ಅಂತ ಕ್ಲಾಸ್ ತಗೊಳ್ಳೋದು ಸುಲಭ. ಅದು ಬೇಕು, ಎರಡು ದಿನ ಸಾಕು. ಸಂಘಟಕರಿಗೆ ಕೈ ಕೂರ್ಬೇಕಾಗಿರೋ ಕೆಲಸ ಅಂದ್ರೆ ಒನ್ ಟು ಒನ್, ಒಬ್ಬರ ಜೊತೆ ಕೂತು ಮುಕ್ಕಾಲು ಗಂಟೆ ಮಾತಾಡೋದು. ಇದನ್ನ ಹೇಗೆ ಕಲಿಸ್ತೀವಿ ಅಂದ್ರೆ, ಇಬ್ಬರು ಎದುರು ಬದುರು ಕೂತ್ಕೋತಾರೆ, ಮೂರನೆಯವರು ಗಡಿಯಾರ ಹಿಡ್ಕೊಂಡು ಯಾರು ಎಷ್ಟು ಹೊತ್ತು ಮಾತಾಡಿದ್ರು ಅಂತ ಬರ್ಕೋತಾರೆ. ಮೊದಲ ಸಲ ಪ್ರತಿಯೊಬ್ಬ ಫೆಲೋನೂ ಅರ್ಧಕ್ಕಿಂತ ಜಾಸ್ತಿ ತಾನೇ ಮಾತಾಡಿರ್ತಾರೆ, ಹಾಳೆ ತೋರಿಸಿದಾಗ ನಂಬಲ್ಲ. ಎರಡನೇ ಸಲ ಹೇಳೋದು ಇಷ್ಟೇ: ಯಾಕೆ ಅಂತ ಕೇಳಿ, ಉತ್ತರ ಬಂದ್ಮೇಲೆ ಐದು ಎಣಿಸಿ, ಆಮೇಲೆ ಮಾತಾಡಿ. ಆ ಐದು ಎಣಿಸೋ ಹೊತ್ತಲ್ಲೇ ಎದುರಿಗಿರೋರು ನಿಜವಾದ ವಿಷಯ ಹೇಳೋಕೆ ಶುರು ಮಾಡ್ತಾರೆ. ನಾನು ಪಕ್ಕದಲ್ಲಿ ಕೂತಿದ್ದ ಒಂದು ಜೋಡಿಯಲ್ಲಿ, ಮೀಟಿಂಗಿಗೆ ಬರೋಕೆ ಟೈಮಿಲ್ಲ ಅಂತಿದ್ದೋರು ಆ ಮೌನದ ಆಚೆ ಹೇಳಿದ್ದು, ಬಂದ್ರೆ ನನ್ನ ದನಿ ಕೇಳಿ ಎಲ್ಲರೂ ತಿರುಗಿ ನೋಡ್ತಾರೆ ಅಂತ. ಅವರಿಗೆ ಟೈಮ್ ಇತ್ತು, ಬೇಕಾಗಿದ್ದು ಬಾಗಿಲಲ್ಲಿ ನಿಂತು ಕರ್ಕೊಂಡು ಹೋಗಿ ಪಕ್ಕದಲ್ಲಿ ಕೂರಿಸ್ಕೊಳ್ಳೋ ಒಬ್ಬರು. ಮಾತು ಕೊನೆಗೆ ಒಂದು ಸಣ್ಣ ಕೆಲಸಕ್ಕೆ ಬಂದು ನಿಲ್ಬೇಕು, ಗುರುವಾರ ಬರ್ತೀರಾ, ಇನ್ನೊಬ್ಬರನ್ನ ಕರ್ಕೊಂಡು ಬರ್ತೀರಾ, ಹೀಗೆ.

ತಮ್ಮ ಕಥೆ ಹೇಳೋದನ್ನೂ ಕಲಿಸ್ಬೇಕು. ಹಾರ್ವರ್ಡಲ್ಲಿ ಪಾಠ ಮಾಡೋ ಮಾರ್ಷಲ್ ಗ್ಯಾನ್ಜ್ ಅಮೆರಿಕಾದ ಕೃಷಿ ಕಾರ್ಮಿಕರ ಯೂನಿಯನ್‌ನಲ್ಲಿ 16 ವರ್ಷ ಕೆಲಸ ಮಾಡಿದೋರು, ಅವರ ದಾರೀಲಿ ಕಥೆಗೆ ಮೂರು ಭಾಗ: ನನ್ನ ಕಥೆ, ನಮ್ಮ ಕಥೆ, ಈಗಿನ ಕಥೆ. ನಾನು ಯಾಕೆ ಇಲ್ಲಿದ್ದೀನಿ, ನಮ್ಮನ್ನೆಲ್ಲ ಸೇರಿಸೋದು ಏನು, ಈಗಲೇ ಏನು ಮಾಡ್ಬೇಕು. ಇದು ಚೆನ್ನಾಗಿ ಕೆಲಸ ಮಾಡತ್ತೆ, ಆದ್ರೆ ನಮ್ಮವರ ಜೊತೆ ಮಾಡೋವಾಗ ಒಂದು ಎಚ್ಚರ ಬೇಕು. ನಾನು ಫೆಲೋಗಳಿಗೆ ಹೇಳೋದು, ನೀವು ಹೇಳೋ ಕಥೆ ಆರಿದ ಗಾಯದ್ದಾಗಿರಲಿ, ಹಸಿ ಗಾಯದ್ದು ಬೇಡ. ಹೇಳಿ ಮುಗಿಸಿದ್ಮೇಲೆ ರಾತ್ರಿ ನಿದ್ದೆ ಬರಲ್ಲ ಅಂದ್ರೆ ಆ ಕಥೆ ಇನ್ನೂ ವೇದಿಕೆಗಲ್ಲ.

ಮನೆಮನೆಗೆ ಹೋಗಿ ಮಾತಾಡೋ ಕೆಲಸ ನಿಮ್ಮ ಪ್ಲಾನಲ್ಲಿದ್ರೆ ಡೀಪ್ ಕ್ಯಾನ್ವಾಸಿಂಗ್ ಬಗ್ಗೆ ತಿಳ್ಕೊಳ್ಳಿ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗಿಗಳ ಮದುವೆ ಹಕ್ಕನ್ನ ಮತದಾನದಲ್ಲಿ ಕಿತ್ಕೊಂಡ್ಮೇಲೆ ಲಾಸ್ ಏಂಜಲೀಸ್‌ನ ಎಲ್‌ಜಿಬಿಟಿ ಸೆಂಟರಿನವರು, ವಿರುದ್ಧ ಮತ ಹಾಕಿದೋರ ಬಾಗಿಲಿಗೇ ಹೋಗಿ ಯಾಕೆ ಅಂತ ಕೇಳೋಕೆ ಶುರು ಮಾಡಿದ್ರು. ಅಂಕಿ ಅಂಶ ಹೇಳಲ್ಲ, ವಾದ ಮಾಡಲ್ಲ. ನಿಮ್ಮನ್ನ ಯಾರಾದ್ರೂ ಬೇರೆ ಥರ ನೋಡಿದ್ದು ನೆನಪಿದ್ಯಾ ಅಂತ ಕೇಳ್ತಾರೆ, ಹೇಳೋದನ್ನ ಪೂರ್ತಿ ಕೇಳ್ತಾರೆ, ತಮ್ಮದನ್ನೂ ಹೇಳ್ತಾರೆ. 2016ರಲ್ಲಿ ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಸೇರಿ ಸೈನ್ಸ್ ಪತ್ರಿಕೆಯಲ್ಲಿ ಇದರ ಫಲಿತಾಂಶ ಪ್ರಕಟಿಸಿದ್ರು, ಮಯಾಮಿಯಲ್ಲಿ 56 ಜನ ಕ್ಯಾನ್ವಾಸರ್‌ಗಳು 501 ಮತದಾರರ ಬಾಗಿಲಿಗೆ ಹೋಗಿದ್ರು, ಸುಮಾರು ಹತ್ತು ನಿಮಿಷದ ಮಾತುಕತೆಯಿಂದ ಟ್ರಾನ್ಸ್ ಜನರ ಮೇಲಿನ ಪೂರ್ವಗ್ರಹ ಕಮ್ಮಿ ಆಗಿದ್ದು ಕಡೇಪಕ್ಷ ಮೂರು ತಿಂಗಳು ಉಳಿದಿತ್ತು. ಮಾತಾಡಿಸಿದೋರು ಟ್ರಾನ್ಸ್ ಆಗಿದ್ರೂ ಆಗದೇ ಇದ್ರೂ ಪರಿಣಾಮ ಇತ್ತು, ಇದು ನಮಗೆ ಬಹಳ ಮುಖ್ಯ, ಯಾಕಂದ್ರೆ ಅಪರಿಚಿತರ ಬಾಗಿಲಲ್ಲಿ ನಿಲ್ಲೋ ಭಾರ ಪೂರ್ತಿ ಟ್ರಾನ್ಸ್ ಫೆಲೋ ಮೇಲೇ ಹಾಕ್ಬೇಕಾಗಿಲ್ಲ, ಬೆಂಬಲಿಗರೂ ಹೋಗ್ಬಹುದು. ಇದಕ್ಕೆ ಮುಂಚೆ 2014ರಲ್ಲಿ ಇದೇ ವಿಷಯದ ಮೇಲೆ ಬಂದಿದ್ದ ಇನ್ನೊಂದು ಅಧ್ಯಯನದ ಡೇಟಾ ಸರಿ ಇಲ್ಲ ಅಂತ ಬಯಲಿಗೆ ತಂದಿದ್ದೂ ಇವರೇ, ಆ ಪೇಪರನ್ನ 2015ರಲ್ಲಿ ಪತ್ರಿಕೆ ಹಿಂದಕ್ಕೆ ತಗೊಂಡಿತ್ತು. ಫೆಲೋಗಳಿಗೆ ಈ ಎರಡೂ ಕಥೆ ಹೇಳಿ. ನಮ್ಮ ಪರವಾಗಿದೆ ಅಂತ ಸುಳ್ಳು ಲೆಕ್ಕ ಒಪ್ಕೊಂಡ್ರೆ ಕೊನೆಗೆ ಹೊಡೆತ ಬೀಳೋದು ನಮಗೇ.

ವಾರವಾರದ ಕೆಲಸ

ಪ್ರತಿ ಫೆಲೋ ಜೊತೆ ವಾರಕ್ಕೆ ಒಂದು ಗಂಟೆ, ಅದು ಏನೇ ಆದ್ರೂ ಕ್ಯಾನ್ಸಲ್ ಆಗ್ಬಾರದು. ನಾನು ಕೇಳೋದು: ಈ ವಾರ ಯಾರ ಜೊತೆ ಕೂತು ಮಾತಾಡಿದ್ರಿ, ಯಾರು ಹೊಸದಾಗಿ ಒಂದು ಜವಾಬ್ದಾರಿ ತಗೊಂಡ್ರು, ನೀವೇ ಮಾಡಿದ ಯಾವ ಕೆಲಸ ಬೇರೆಯವರು ಮಾಡ್ಬಹುದಿತ್ತು? ಮೂರನೇ ಪ್ರಶ್ನೆ ಮೇಲೆ ಜಾಸ್ತಿ ಹೊತ್ತು ಕೂರ್ತೀನಿ. ಕುರ್ಚಿ ಜೋಡ್ಸೋದು, ಮೀಟಿಂಗ್ ನಡೆಸೋದು, ಮಿನಿಟ್ಸ್ ಬರೆಯೋದು, ಬರದೇ ಇರೋರಿಗೆ ಫೋನ್ ಮಾಡೋದು, ಇವೆಲ್ಲ ಒಂದೊಂದಾಗಿ ಫೆಲೋ ಕೈಯಿಂದ ಬೇರೆ ಕೈಗೆ ಹೋಗ್ತಿರ್ಬೇಕು. ಮೀಟಿಂಗಿಗೆ ನಲವತ್ತು ಜನ ಬಂದು ಒಬ್ಬರೇ ಎಲ್ಲ ಮಾಡೋದಕ್ಕಿಂತ ಹನ್ನೆರಡು ಜನ ಬಂದು ಐದು ಜನ ಕೆಲಸ ಹಂಚ್ಕೊಂಡ್ರೆ ನನಗೆ ನೆಮ್ಮದಿ.

ಸೂಪರ್‌ವೈಸರ್ ಬೇರೆ, ಕಷ್ಟ ಸುಖ ಕೇಳಿ ದಾರಿ ಹೇಳೋ ಮೆಂಟರ್ ಬೇರೆ ಇರಲಿ. ಸ್ಟೈಪೆಂಡ್‌ಗೆ ಸಹಿ ಹಾಕೋರ ಮುಂದೆ ಯಾರೂ ನನಗೆ ಕೈಲಾಗ್ತಿಲ್ಲ ಅಂತ ಹೇಳಲ್ಲ.

ಹೊರಗೆ ಕಾಣದ ಕೆಲಸಕ್ಕೂ ಬೆಲೆ ಕೊಡಿ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಕಪ್ಪು ಜನರ ಹಕ್ಕಿಗಾಗಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ ಮೆರವಣಿಗೆಯನ್ನ ಎರಡೇ ತಿಂಗಳಲ್ಲಿ ಕಟ್ಟಿದ್ದು ಬೇಯಾರ್ಡ್ ರಸ್ಟಿನ್. ಬಸ್ಸು, ನೀರು, ಶೌಚಾಲಯ, ಕಾವಲು, ಎಲ್ಲಾದ್ರ ಲೆಕ್ಕ ಅವರದ್ದೇ. ಅವರು ಗೇ ಅನ್ನೋ ಕಾರಣಕ್ಕೆ ಚಳವಳಿಯೊಳಗಿನವರೇ ಅವರನ್ನ ಮುಂದೆ ಬಿಡೋಕೆ ಹಿಂಜರಿದ್ರು, ಎಷ್ಟೋ ವರ್ಷ ಅವರು ಎಲೆಮರೆ ಕಾಯಿಯಾಗೇ ಉಳಿದ್ರು. ಮೈಕ್ ಹಿಡಿಯೋಕೆ ಇಷ್ಟ ಇಲ್ಲದ, ಪಟ್ಟಿ ಮಾಡೋದ್ರಲ್ಲಿ ನಿಪುಣರಾದ ಫೆಲೋಗೆ ನಾನು ಈ ಕಥೆ ತಪ್ಪದೆ ಹೇಳ್ತೀನಿ. ಜೊತೆಗೆ ಇನ್ನೊಂದು ನೋಡ್ತೀನಿ, ಅವರು ತಾವಾಗಿ ಹಿಂದೆ ಇದ್ದಾರಾ, ಅಥವಾ ಗುಂಪು ಅವರನ್ನ ಹಿಂದಕ್ಕೆ ತಳ್ಳಿದ್ಯಾ.

ಒಂದು ಬೇಡಿಕೆ, ಒಬ್ಬ ನಿರ್ಧಾರ ಮಾಡೋರು

ನಾಲ್ಕನೇ ತಿಂಗಳ ಹೊತ್ತಿಗೆ ಗುಂಪು ಒಂದು ಕ್ಯಾಂಪೇನ್ ಆರಿಸ್ಕೊಳ್ಳಲಿ. ಸಮಾಜ ನಮ್ಮನ್ನ ಒಪ್ಕೋಬೇಕು ಅನ್ನೋದು ಬೇಡಿಕೆ ಅಲ್ಲ, ಅದಕ್ಕೆ ಹೌದು ಅನ್ನೋರು ಯಾರೂ ಇಲ್ಲ. ಕಾಲೇಜಿನ ಐಡಿ ಕಾರ್ಡಲ್ಲಿ ಆಯ್ಕೆಯ ಹೆಸರು ಹಾಕ್ಬೇಕು ಅನ್ನೋದು ಬೇಡಿಕೆ, ಅದಕ್ಕೆ ಸಹಿ ಹಾಕೋ ಒಬ್ಬ ಅಧಿಕಾರಿ ಇದ್ದಾರೆ. ಆ ಅಧಿಕಾರಿ ಹೆಸರು ಬೋರ್ಡ್ ಮಧ್ಯೆ ಬರೀರಿ, ಸುತ್ತ ಅವರು ಯಾರ ಮಾತು ಕೇಳ್ತಾರೆ, ಯಾರಿಗೆ ಹೆದರ್ತಾರೆ, ನಮ್ಮಲ್ಲಿ ಯಾರಿಗೆ ಅವರ ಪರಿಚಯ ಇದೆ ಅಂತ ಬರೀರಿ. ವಿರೋಧ ಮಾಡೋರನ್ನ ಪೂರ್ತಿ ತಿರುಗಿಸೋಕೆ ಶಕ್ತಿ ಹಾಕ್ಬೇಡಿ, ನಡುವೆ ನಿಂತಿರೋರನ್ನ ಒಂದು ಹೆಜ್ಜೆ ಈ ಕಡೆ ತಂದ್ರೆ ಸಾಕು.

ಓದಿ ತಿಳ್ಕೊಂಡು ಹೋಗೋದಕ್ಕೆ ಎಷ್ಟು ಬಲ ಇದೆ ಅನ್ನೋದಕ್ಕೆ ಆಕ್ಟ್ ಅಪ್ ಅನ್ನೋ ಅಮೆರಿಕಾದ ಹೋರಾಟದ ಗುಂಪು ನೋಡಿ. 1987ರ ಮಾರ್ಚಲ್ಲಿ ನ್ಯೂಯಾರ್ಕಲ್ಲಿ ಶುರುವಾಯ್ತು, ಏಡ್ಸ್‌ಗೆ ಔಷಧಿ ಬೇಗ ಕೊಡಿ ಅಂತ. 1988ರ ಅಕ್ಟೋಬರ್ 11ರಂದು ಔಷಧಿಗಳಿಗೆ ಒಪ್ಪಿಗೆ ಕೊಡೋ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಕಚೇರಿ ಮುಂದೆ ಕೂತ್ರು. ಬೀದೀಲಿ ಕೂಗಿದ್ದು ಎಲ್ಲರಿಗೂ ನೆನಪಿದೆ, ಆದ್ರೆ ಅವರಲ್ಲೇ ಒಂದು ತಂಡ ರಾತ್ರಿ ಹಗಲು ಕೂತು ವೈರಾಲಜಿ, ಔಷಧಿ ಪರೀಕ್ಷೆಯ ನಿಯಮ ಎಲ್ಲ ಕಲ್ತು ವಿಜ್ಞಾನಿಗಳ ಮುಂದೆ ಸರಿಸಮನಾಗಿ ಮಾತಾಡೋ ಮಟ್ಟಕ್ಕೆ ಬೆಳೀತು. ದೊಡ್ಡ ಪ್ರತಿಭಟನೆಗೆ ಬಂದಾಗ ಸಣ್ಣ ಸಣ್ಣ ಗುಂಪುಗಳಾಗಿ ಹಂಚ್ಕೊಂಡು ತಮ್ಮ ತಮ್ಮ ಪಾತ್ರ ತಾವೇ ನಿರ್ಧಾರ ಮಾಡ್ತಿದ್ರು. ಐದಾರು ಜನರ ಆ ಸಣ್ಣ ಗುಂಪಿನ ಮಾದರಿ ಈಗಲೂ ಉಪಯೋಗಕ್ಕೆ ಬರತ್ತೆ, ಒಬ್ಬರಿಗೊಬ್ಬರು ಕಣ್ಣಿಡ್ತಾರೆ, ಯಾರೂ ಒಂಟಿ ಆಗಲ್ಲ.

ಹೊರಗಿನ ಸ್ನೇಹ ಬೇಕಾ, ಮೊದಲು ನೀವು ಅವರ ಬೆನ್ನಿಗೆ ನಿಲ್ಲಿ. 1984ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು ಮುಷ್ಕರ ಮಾಡ್ತಿದ್ದಾಗ ಲಂಡನ್ನಿನ ಲೆಸ್ಬಿಯನ್ ಮತ್ತು ಗೇ ಜನರ ಒಂದು ಗುಂಪು ಡಬ್ಬಿ ಹಿಡಿದು ದುಡ್ಡು ಸೇರಿಸಿ ವೇಲ್ಸ್‌ನ ಡುಲೈಸ್ ಕಣಿವೆಗೆ ಕಳಿಸ್ತು. ಮುಷ್ಕರ ಸೋತಿತು. ಆದ್ರೆ 1985ರ ಲಂಡನ್ ಪ್ರೈಡ್ ಮೆರವಣಿಗೆಯಲ್ಲಿ ಗಣಿ ಕಾರ್ಮಿಕರು ತಮ್ಮ ಬ್ಯಾನರ್ ಹಿಡಿದು ಬಂದು ನಡೆದ್ರು, ಅದೇ ವರ್ಷ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಸಲಿಂಗಿಗಳ ಹಕ್ಕಿನ ನಿರ್ಣಯಕ್ಕೆ ಗಣಿ ಯೂನಿಯನ್ ಬೆಂಬಲ ಕೊಡ್ತು. ಹಾಗಾಗಿ ಫೆಲೋಗೆ ವರ್ಷಕ್ಕೆ ಒಂದು ಸಲವಾದ್ರೂ ನಮ್ಮದಲ್ಲದ ಒಂದು ಹೋರಾಟದಲ್ಲಿ ಕೆಲಸ ಮಾಡೋ ಅವಕಾಶ ಕೊಡಿ, ಫೋಟೋಗೆ ನಿಂತು ಬರೋದಲ್ಲ, ಚಾಕರಿ ಮಾಡಿ ಬರೋದು.

ಒಳಜಗಳ, ದೂರು, ಸುಸ್ತು

ನಮ್ಮ ಕಮ್ಯುನಿಟಿ ಚಿಕ್ಕದು, ಸ್ನೇಹ, ಪ್ರೀತಿ, ಬ್ರೇಕಪ್, ಕೆಲಸ ಎಲ್ಲ ಒಂದೇ ಕೋಣೇಲಿ ನಡೆಯತ್ತೆ. ಅದಕ್ಕೆ ಕೆಲವನ್ನ ಮೊದಲೇ ಬರೆದಿಡ್ಬೇಕು. ಸ್ಟಾಫ್ ಮತ್ತು ಫೆಲೋ ನಡುವೆ, ಫೆಲೋಶಿಪ್ ಮುಗಿಯೋವರೆಗೆ, ಪ್ರೇಮ ಅಥವಾ ಲೈಂಗಿಕ ಸಂಬಂಧ ಇರಕೂಡದು, ಇಬ್ಬರೂ ಒಪ್ಪಿದ್ರೂ ಇರಕೂಡದು, ಯಾಕಂದ್ರೆ ಒಬ್ಬರ ಊಟ ಬಾಡಿಗೆ ಇನ್ನೊಬ್ಬರ ಸಹಿ ಮೇಲಿದೆ. ದೂರು ಕೇಳೋಕೆ ಸಂಸ್ಥೆಯಿಂದ ಹೊರಗಿನ ಒಬ್ಬರು ಇರಲಿ, ಅವರ ನಂಬರ್ ಮೊದಲ ದಿನವೇ ಕೊಡಿ. ನಮ್ಮವರ ಬಗ್ಗೆ ದೂರು ಕೊಟ್ರೆ ಹೊರಗಿನವರು ಆಡ್ಕೋತಾರೆ ಅಂತ ಮುಚ್ಚಿಡೋದನ್ನ ನಾನು ಕಣ್ಣಾರೆ ನೋಡಿದ್ದೀನಿ, ಮುಚ್ಚಿಟ್ಟ ಒಂದು ದೂರಿಂದ ಒಂದಿಡೀ ಗುಂಪು ಒಡೆದು ಹೋಯ್ತು, ದೂರು ಕೊಟ್ಟೋರು ಮತ್ತೆ ಯಾವ ಗುಂಪಿಗೂ ಬರಲಿಲ್ಲ.

ಫೆಲೋ ಕೌನ್ಸೆಲರ್ ಅಲ್ಲ, ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಸಾಯ್ತೀನಿ ಅಂತ ಮೆಸೇಜ್ ಬಂದ್ರೆ ಇಪ್ಪತ್ಮೂರು ವರ್ಷದ ಫೆಲೋ ಒಬ್ಬರೇ ಅದನ್ನ ಹೊರೋಕಾಗಲ್ಲ, ಹೊರಲೂಬಾರದು. ನಂಬಿಕೆಯಿಂದ ಮಾತಾಡೋ ಕೌನ್ಸೆಲರ್‌ಗಳು, ಡಾಕ್ಟರ್, ವಕೀಲರು, ರಾತ್ರಿ ಹೊತ್ತು ಫೋನ್ ಎತ್ತೋ ಸಹಾಯವಾಣಿ, ಇವರ ಪಟ್ಟಿ ಕೈಯಲ್ಲಿರ್ಬೇಕು, ಪ್ರತಿ ಮೂರು ತಿಂಗಳಿಗೆ ನೀವೇ ಆ ನಂಬರ್‌ಗಳಿಗೆ ಫೋನ್ ಮಾಡಿ ಯಾರು ಎತ್ತುತ್ತಾರೆ, ಹೇಗೆ ಮಾತಾಡ್ತಾರೆ ಅಂತ ನೋಡ್ಬೇಕು. ಫೆಲೋ ಮಾಡೋದು ಇಷ್ಟು: ಸಮಾಧಾನವಾಗಿ ಕೇಳಿ, ಒಂಟಿಯಾಗಿ ಬಿಡದೆ, ಸೂಪರ್‌ವೈಸರನ್ನ ಎಬ್ಬಿಸೋದು. ಮಾರನೇ ದಿನ ಫೆಲೋಗೆ ರಜ. ಕೇಳಿ ತಗೊಳ್ಳೋ ರಜ ಅಲ್ಲ, ತಾನಾಗಿ ಸಿಗೋ ರಜ. ಫೆಲೋಗಳಿಗೇ ಕೌನ್ಸೆಲಿಂಗ್ ಬೇಕಾದ್ರೆ ಅದರ ದುಡ್ಡು ಬಜೆಟ್ಟಲ್ಲಿರಲಿ, ಯಾರು ಹೋದ್ರು ಅಂತ ನಿಮಗೆ ತಿಳಿಯದ ಹಾಗೆ ಬಿಲ್ ಬರಲಿ.

ಲೆಕ್ಕ ಕೊಡೋದು

ಫಂಡರ್‌ಗಳು ಎಷ್ಟು ಜನರನ್ನ ತಲುಪಿದ್ರಿ ಅಂತ ಕೇಳ್ತಾರೆ, ಕೊಡಿ. ಜೊತೆಗೆ ನಿಮ್ಮದೇ ಲೆಕ್ಕ ಇಟ್ಕೊಳ್ಳಿ: ಎಷ್ಟು ಜನ ಎರಡನೇ ಸಲ ಬಂದ್ರು, ಎಷ್ಟು ಜನ ಒಂದು ಕೆಲಸ ತಾವೇ ವಹಿಸ್ಕೊಂಡ್ರು, ಫೆಲೋ ಇಲ್ಲದ ದಿನ ಮೀಟಿಂಗ್ ನಡೀತಾ. ಹೆಸರು ಬದಲಾಯಿಸಿದ್ರೆ ಸಾಕು ಅನ್ಕೋಬೇಡಿ, ಚಿಕ್ಕ ಊರಲ್ಲಿ ಇಂಥಾ ಕಾಲೇಜಿನ ಇಂಥಾ ವಯಸ್ಸಿನ ಟ್ರಾನ್ಸ್ ಹುಡುಗ ಅಂದ್ರೆ ಎಲ್ಲರಿಗೂ ಗೊತ್ತಾಗತ್ತೆ. ರಿಪೋರ್ಟ್ ಕಳಿಸೋ ಮುಂಚೆ ಅದರಲ್ಲಿರೋ ವ್ಯಕ್ತಿಗೆ ಓದಿ ಹೇಳಿ.

ಬಿಟ್ಟು ಹೋಗೋ ತಿಂಗಳುಗಳು

ಹನ್ನೆರಡು ತಿಂಗಳ ಫೆಲೋಶಿಪ್ ಆದ್ರೆ ಎಂಟನೇ ತಿಂಗಳಿಂದಲೇ ಹೊರಡೋಕೆ ತಯಾರಿ ಶುರು. ಒಂಬತ್ತನೇ ತಿಂಗಳು ಫೆಲೋ ಮೀಟಿಂಗಲ್ಲಿ ಸುಮ್ನೆ ಕೂರ್ತಾರೆ, ನಡೆಸೋರು ಬೇರೆ. ಹತ್ತನೇ ತಿಂಗಳು ಒಂದು ಮೀಟಿಂಗಿಗೆ ಬರೋದೇ ಇಲ್ಲ, ಏನಾಗತ್ತೆ ನೋಡ್ತೀವಿ, ಕುಸಿದ್ರೆ ಸರಿ ಮಾಡೋಕೆ ಇನ್ನೂ ಎರಡು ತಿಂಗಳಿದೆ. ಸಂಪರ್ಕದ ಪಟ್ಟಿ, ದುಡ್ಡಿನ ಪುಸ್ತಕ, ಗ್ರೂಪಿನ ಅಡ್ಮಿನ್, ರೂಮಿನ ಬೀಗದ ಕೈ, ಪ್ರತಿಯೊಂದೂ ಇಬ್ಬರ ಹತ್ರ ಇರ್ಬೇಕು, ಆ ಇಬ್ಬರಲ್ಲಿ ಫೆಲೋ ಇರ್ಬಾರದು. ಪಟ್ಟಿಯಲ್ಲಿರೋ ಪ್ರತಿಯೊಬ್ಬರನ್ನೂ ನಿಮ್ಮ ನಂಬರ್ ಇಂಥವರಿಗೆ ಕೊಡ್ಲಾ ಅಂತ ಕೇಳಿ, ಬೇಡ ಅಂದೋರ ನಂಬರ್ ಅಳಿಸ್ಬಿಡಿ.

ಸರ್ಟಿಫಿಕೇಟ್ ಕೊಡೋವಾಗ ಯಾವ ಹೆಸರು, ಫೆಲೋಶಿಪ್ಪಿನ ಹೆಸರು ಹೇಗೆ ಬರೀಬೇಕು ಅಂತ ಅವರನ್ನೇ ಕೇಳಿ. ಕೆಲವರಿಗೆ ಬಯೋಡೇಟಾದಲ್ಲಿ ಹೆಮ್ಮೆಯಿಂದ ಹಾಕೋಕೆ ಪೂರ್ತಿ ಹೆಸರಿನದ್ದು ಬೇಕು, ಕೆಲವರಿಗೆ ಬರೀ ಸಮುದಾಯ ಅಭಿವೃದ್ಧಿ ಅಂತ ಇರೋದು ಬೇಕು, ಎಷ್ಟೋ ಜನ ಎರಡೂ ಕೇಳ್ತಾರೆ, ಎರಡೂ ಕೊಡಿ. ಮೂರು ಕಾಲಂನ ಆ ಹಾಳೆಯನ್ನ ಫೆಲೋ ಮುಂದೆಯೇ ಕೂತು ತೆಗೆದು, ಕಾನೂನಿನ ಪ್ರಕಾರ ಇಡಲೇಬೇಕಾದ್ದು ಯಾವುದು ಅಂತ ತೋರಿಸಿ, ಉಳಿದಿದ್ದನ್ನ ಅಳಿಸಿ.

ಆರು ತಿಂಗಳಾದ್ಮೇಲೆ ಒಂದು ಫೋನ್ ಮಾಡ್ಬೇಕು, ಡೈರೀಲಿ ಈಗಲೇ ಬರ್ಕೊಳ್ಳಿ. ಫೆಲೋಗೂ ಮಾಡಿ, ಹೇಗಿದ್ದೀರ ಅಂತ ಕೇಳೋಕೆ. ಆದ್ರೆ ಈ ಫೋನ್ ಗುಂಪಿಗೆ. ಹೋದ ಸಲ ಯಾವಾಗ ಸೇರಿದ್ರಿ, ಎಲ್ಲಿ, ಯಾರು ಕರೆದ್ರು ಅಂತ ಕೇಳಿ, ಮೂರನೇ ಉತ್ತರದಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಬಂತಾ ನೋಡಿ.